ಮಕ್ಕಳ ಕೈಗೆ ಬಂದ ಕಾಸು

ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಯು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತಾಳೆ. ಅಲ್ಲಿ ಕಟ್ಟಿದ ಅಣೆಯು ಮಳೆಗಾಲದ ನೀರನ್ನು ಹಿಡಿದಿಟ್ಟು, ಬೇಕಾದಾಗ ಅಳೆದು ಕಾಲುವೆಗೆ ಬಿಡುತ್ತದೆ. ಬಂದದ್ದನ್ನೆಲ್ಲ ಬಂದ ದಿನವೇ ಹರಿಯಬಿಟ್ಟರೆ ಬೇಸಗೆಯಲ್ಲಿ ಬಾಯಾರಬೇಕಾದೀತೆಂಬುದನ್ನು ಆ ದಂಡೆಯ ಮೇಲೆ ನಿಂತ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಮಗು ಎಲ್ಲಮ್ಮನ ಜಾತ್ರೆಗೆ ಹೊರಟಾಗ ಅಜ್ಜ ಅಂಗೈಯಲ್ಲಿಟ್ಟ ಹಣಕ್ಕೆ ಒಡ್ಡು ಹಾಕುವ ಬಗೆಯನ್ನು ಯಾರು ಕಲಿಸಿದರು? ಈ ಸೀಮೆಯ ಹಿಂದಿನ ದಿನಗಳನ್ನು ತಿರುವಿ ನೋಡಿದರೆ ಇದಕ್ಕೆ ಒಂದಲ್ಲ, ಹಲವು ಉತ್ತರಗಳು ಸಿಗುತ್ತವೆ.

ಸವದತ್ತಿಯ ಸುತ್ತಲಿನ ನಾಡು ಹಿಂದೆ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿ ಪರಸಗಡ ತಾಲೂಕೆಂದು ಹೆಸರಾಗಿತ್ತು. ಅಂದಿನ ಗಾವಠಿ ಶಾಲೆಗಳಲ್ಲಿ ಅಕ್ಷರದಷ್ಟೇ ಮನ್ನಣೆ ಮಗ್ಗಿಗೂ ಇತ್ತು. ಒಂದು, ಎರಡು, ಮೂರರ ಮಗ್ಗಿಯಷ್ಟೇ ಅಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಗಳ ಮಗ್ಗಿಯನ್ನೂ ಹುಡುಗರು ರಾಗವಾಗಿ ಒಪ್ಪಿಸಬೇಕಾಗಿತ್ತು. ಇದು ಸುಮ್ಮನೆ ಹೂಡಿದ ಕಾಟವಲ್ಲ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ ಇದ್ದ ಕಾಲದಲ್ಲಿ ಸಂತೆಯ ಲೆಕ್ಕವೆಲ್ಲ ಕಾಲು-ಅರೆಗಳ ಲೆಕ್ಕವೇ. ಸೇರಿಗೆ ಒಂದೂವರೆ ಆಣೆಯಂತೆ ಏಳು ಸೇರು ಕಾಳಿಗೆ ಎಷ್ಟೆಂದು ಕೇಳಿದರೆ, ಮಗ್ಗಿ ಬಲ್ಲ ಹುಡುಗ ಕಣ್ಣು ಮಿಟುಕಿಸುವುದರೊಳಗೆ ಹತ್ತೂವರೆ ಆಣೆ ಎನ್ನುತ್ತಿದ್ದ.

ಆದರೆ ಆ ವಿದ್ಯೆ ಎಲ್ಲರ ಪಾಲಿಗೆ ಬಂದಿರಲಿಲ್ಲ. ಹೆಚ್ಚಾಗಿ ಅದು ಅಂಗಡಿಕಾರರ, ಕುಲಕರ್ಣಿಗಳ ಮನೆಯ ಸ್ವತ್ತಾಗಿತ್ತು. ರೈತನ ಮಗ ದನದ ಹಿಂದೆ ಹೋಗುತ್ತಿದ್ದ. ದೊಡ್ಡವನಾದ ಮೇಲೆ ಓದಲಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಎಂದರೆ ಕಿವಿಗೆ ಹಗುರ. ವರ್ಷಕ್ಕೆ 12 ಆಣೆ, ಅಂದರೆ ನೂರಕ್ಕೆ 75 ಎಂದು ಗುಣಿಸಿದಾಗಲೇ ಅದರ ಭಾರ ತಿಳಿಯುವುದು. ಅದೇ ಪ್ರಾಂತದ ಪುಣೆ ಜಿಲ್ಲೆಯ ಸೂಪೆಯಲ್ಲಿ 1875ರಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಸರಕಾರ 1879ರಲ್ಲಿ ದಖ್ಖನಿನ ನಾಲ್ಕು ಜಿಲ್ಲೆಗಳಿಗಾಗಿ ರೈತರ ಪರಿಹಾರ ಕಾಯಿದೆಯನ್ನು ತಂದಿತು. ಆದರೆ ಕಾಗದ ಸುಟ್ಟರೆ ಒಂದು ಸಾಲ ಸುಟ್ಟೀತು, ಅಜ್ಞಾನ ಸುಡಲಾರದು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಮಹಾತ್ಮಾ ಜೋತಿಬಾ ಫುಲೆಯವರು, ಪ್ರಾಥಮಿಕ ಶಾಲೆಯ ಪಾಠದಲ್ಲಿ ಮೋಡಿ ಬರಹದ ಜೊತೆಗೆ ಲೆಕ್ಕಪತ್ರವೂ ಬೇಸಾಯದ ತಿಳಿವಳಿಕೆಯೂ ಇರಬೇಕೆಂದು ಕೇಳಿದ್ದರ ಮರ್ಮ ಇದೇ. ಪತ್ರಗಳೆಲ್ಲ ಮೋಡಿಯಲ್ಲಿರುವಾಗ ಅದನ್ನು ಓದಬಲ್ಲ ಮಗ ಮನೆಗೊಂದು ಕಾವಲು.

ಅದೇ 1882ರಲ್ಲಿ ದೇಶದಲ್ಲೆಲ್ಲ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಬಂದಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. 1904ರ ಕಾಯಿದೆಯಂತೆ ಇಂಥ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಒಬ್ಬನ ಸಾಲ ಎಲ್ಲರ ಕೊರಳಿಗೆ. ಹೀಗಾಗಿ ಸಾಲ ಕೇಳಲು ಬಂದವನನ್ನು, ಯಾತಕ್ಕೆ, ಎಂದು ತೀರಿಸುತ್ತಿ ಎಂದು ನೆರೆಯವರೇ ವಿಚಾರಿಸಬೇಕಾಯಿತು. ಬೀಜಕ್ಕೆ ತಂದ ಸಾಲ ಬೇರೆ, ಮದುವೆಯ ಮೆರವಣಿಗೆಗೆ ತಂದ ಸಾಲ ಬೇರೆ ಎಂಬ ವಿವೇಕ ಇಂಥ ಚಾವಡಿಯ ಮಾತುಕತೆಯಲ್ಲಿ ಬೆಳೆಯುವಂಥದು. ಕಂಬಕ್ಕೊರಗಿ ಕುಳಿತು ಅದನ್ನು ಕೇಳಿದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕೆ?

ಈ ಇತಿಹಾಸದಲ್ಲಿ ಹೆಸರಿಲ್ಲದೆ ಉಳಿದ ಗುರುವೆಂದರೆ ಮನೆಯ ತಾಯಿ. ಬಹುಪಾಲು ಹೆಣ್ಣುಮಕ್ಕಳನ್ನು ಆ ಶಾಲೆಗಳು ಒಳಗೆ ಕರೆಯಲಿಲ್ಲ. ಒಂದೂವರೆಯ ಮಗ್ಗಿ ಅವರಿಗೆ ಬಾರದು. ಆದರೂ ಬೆಣ್ಣೆ ಮಾರಿದ ಕಾಸನ್ನು ಸಾಸಿವೆ ಡಬ್ಬಿಯಲ್ಲಿಟ್ಟು, ಸುಗ್ಗಿಯಿಂದ ಸುಗ್ಗಿಗೆ ಸಂಸಾರವನ್ನು ದಾಟಿಸಿದವರು ಅವರೇ. ಎಣಿಸಬಲ್ಲವನು ಬೇರೆ, ನಿಭಾಯಿಸಬಲ್ಲವನು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎಣಿಕೆಯ ಪದ್ಧತಿಯೇ ಬದಲಾದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. 1956ರ ನವೆಂಬರ್ 1ರಂದು ಪರಸಗಡವು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಐದು ತಿಂಗಳಿಗೆ ಸರಿಯಾಗಿ, 1957ರ ಏಪ್ರಿಲ್ 1ರಂದು, ನಾಣ್ಯವೂ ಬದಲಾಯಿತು. 16 ಆಣೆಯ ರೂಪಾಯಿ 100 ನಯಾಪೈಸೆಯಾಯಿತು. ಆಣೆಯೊಂದಕ್ಕೆ ಆರೂಕಾಲು ಬರಬೇಕು. ಕಾಲು ಪೈಸೆಯ ನಾಣ್ಯವಿಲ್ಲ. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಗೊತ್ತುಮಾಡಿದರು. ಒಂದೊಂದಾಣೆಯಂತೆ ಹದಿನಾರು ಸಲ ಕೊಂಡವನು 96 ನಯಾಪೈಸೆ ಕೊಟ್ಟು ನಾಲ್ಕನ್ನು ಉಳಿಸುತ್ತಿದ್ದ; ಮೂರಾಣೆಗೆ ಒಮ್ಮೆಲೇ ಕೊಂಡವನು ಕಾಲು ಪೈಸೆ ಹೆಚ್ಚು ತೆರುತ್ತಿದ್ದ! ಕಾಲು-ಅರೆಗಳ ಮಗ್ಗಿಗೆ ಆ ಹಿಂದಿನ ಬೆಲೆ ಉಳಿಯಲಿಲ್ಲ. ಆದರೆ ತಾಯಿ ಡಬ್ಬಿಯಲ್ಲಿ ಕಲಿಸಿದ ಪಾಠಕ್ಕೆ ನಾಣ್ಯ ಬದಲಾದದ್ದರಿಂದ ಯಾವ ಬಾಧೆಯೂ ತಟ್ಟಲಿಲ್ಲ.

ಇಂದು ನಾಣ್ಯವೇ ಕಣ್ಣಿಗೆ ಬೀಳುವುದು ಅಪರೂಪ. ತಂದೆ ಮೊಬೈಲನ್ನು ಅಂಗಡಿಯ ಚೌಕದ ಚಿತ್ರಕ್ಕೆ ಹಿಡಿದರೆ ಸಾಮಾನು ಕೈಗೆ ಬರುತ್ತದೆ. ಹಣ ಹೋದದ್ದನ್ನು ಮಗು ಕಾಣುವುದೇ ಇಲ್ಲ. ಮುಷ್ಟಿ ಬರಿದಾಗುವ ಅನುಭವವೇ ಅದಕ್ಕಿಲ್ಲ. ಆದ್ದರಿಂದ ಹಳೆಯ ರೀತಿ ಇಂದಿಗೇ ಹೆಚ್ಚು ಅಗತ್ಯ. ವಾರಕ್ಕೆ ಇಷ್ಟು ಎಂದು ಒಂದು ಚಿಕ್ಕ ಮೊತ್ತವನ್ನು ಕೈಗೇ ಕೊಟ್ಟು, ವಾರದ ಕೊನೆಗೆ ಲೆಕ್ಕ ಕೇಳಬೇಕು. ಸೋಮವಾರವೇ ಎಲ್ಲ ಖರ್ಚಾಗಿದ್ದರೆ ಬಯ್ಯಬೇಕಾಗಿಲ್ಲ, ಮತ್ತೆ ಕೊಡಲೂಬಾರದು. ಉಳಿದ ಆರು ದಿನಗಳೇ ಅದಕ್ಕೆ ಪಾಠ ಹೇಳುತ್ತವೆ. ಎಂಟು ವರ್ಷಕ್ಕೆ ಹತ್ತು ರೂಪಾಯಿಯಲ್ಲಿ ಮಾಡುವ ತಪ್ಪು ಅಗ್ಗದ್ದು. ಅದನ್ನೇ ಮೂವತ್ತಕ್ಕೆ ಮಾಡಿದರೆ ಹೊಲಮನೆ ಹೋದಾವು. ಹೆಬ್ಬೆಟ್ಟೊತ್ತಿದ ನಮ್ಮ ಹಿರಿಯರು ಆ ಬೆಲೆ ತೆತ್ತಿದ್ದಾರೆ.