ಮನೆಯಲ್ಲಿ ಕಟ್ಟುವ ಮಾದರಿ ಜೆಟ್ ಎಂಜಿನ್

ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳಿಗಾಗಿ ಹವ್ಯಾಸಿಗಳು ಸ್ವಂತ ಕಾರ್ಯಾಗಾರದಲ್ಲಿ ತಯಾರಿಸುವ ಪುಟ್ಟ ಅನಿಲ ಟರ್ಬೈನು. ನೋಡಲು ಡಬ್ಬಿಯಂತಿದ್ದರೂ ಇದು ಪ್ರದರ್ಶನದ ಬೊಂಬೆಯಲ್ಲ. ಗಾಳಿಯನ್ನು ಎಳೆದು, ಒತ್ತಿ, ಇಂಧನ ಉರಿಸಿ, ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಜರ್ಮನಿಯ ಹೈಂಕೆಲ್ ಹೆಚ್‌ಇ 178 ವಿಮಾನ 1939ರ ಆಗಸ್ಟ್ 27ರಂದು ಜೆಟ್ ಬಲದಿಂದ ಹಾರಿತು. ಅದೇ ತತ್ತ್ವ ಹವ್ಯಾಸಿಯ ಲೇತ್‌ಗೆ ಒಗ್ಗಲು ಮತ್ತೆ ಸುಮಾರು ಅರ್ಧ ಶತಮಾನ ಹಿಡಿಯಿತು.

ನಡುವಿನ ಕಾಲದಲ್ಲಿ ಮಾದರಿ ವಿಮಾನಗಳಿಗೆ ಪಲ್ಸ್‌ಜೆಟ್ ಇತ್ತು. 1940ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಡೈನಾಜೆಟ್ ಇದರಲ್ಲಿ ಹೆಸರುವಾಸಿ. ಅದರಲ್ಲಿ ತಿರುಗುವ ಚಕ್ರವೇ ಇಲ್ಲ. ಕವಾಟದ ತೆಳು ತಗಡು ಪಟಪಟನೆ ತೆರೆದು ಮುಚ್ಚುತ್ತದೆ, ಕೊಳವೆ ಕಾದು ಕೆಂಪಾಗುತ್ತದೆ, ಸದ್ದು ಕಿವಿಗಡಚಿಕ್ಕುತ್ತದೆ. ಮಾಡುವುದು ಸುಲಭ, ಹತೋಟಿಯಲ್ಲಿಡುವುದು ಕಷ್ಟ.

ಟರ್ಬೈನು ಕುಗ್ಗಿದಷ್ಟೂ ತೊಡಕು ಬೆಳೆಯುತ್ತದೆ. ಗಾಳಿ ಒತ್ತಲು ಬೇಕಾದುದು ಚಕ್ರದ ಅಂಚಿನ ವೇಗ. ವ್ಯಾಸ ಕಿರಿದಾದರೆ ಆ ವೇಗಕ್ಕಾಗಿ ಸುತ್ತು ಏರಲೇಬೇಕು. 66 ಮಿ.ಮೀ. ಚಕ್ರ ನಿಮಿಷಕ್ಕೆ 1,15,000 ಸುತ್ತು ತಿರುಗಿದರೆ ಅಂಚು ಸೆಕೆಂಡಿಗೆ ಸುಮಾರು 400 ಮೀಟರ್ ಓಡುತ್ತದೆ, ಅಂದರೆ ಶಬ್ದಕ್ಕಿಂತ ವೇಗವಾಗಿ. ಅಲಗಿನ ತುದಿಗೂ ಕವಚಕ್ಕೂ ನಡುವಿನ ಸಂದಿನಲ್ಲಿ ಗಾಳಿ ಸೋರುವುದು ದೊಡ್ಡ ಎಂಜಿನ್ನಿಗೆ ಸಣ್ಣ ನಷ್ಟ, ಚಿಕ್ಕದಕ್ಕೆ ಭಾರೀ ಹೊಡೆತ. ಇಂಧನವಂತೂ ಕೆಲವೇ ಸೆಂಟಿಮೀಟರ್ ಉದ್ದದ ದಹನಕೋಶದಲ್ಲಿ ಪೂರ್ತಿ ಉರಿದು ಮುಗಿಯಬೇಕು.

1983ರಲ್ಲಿ ಬ್ರಿಟನ್ನಿನ ಜೆರ್ರಿ ಜ್ಯಾಕ್‌ಮನ್ ಮತ್ತು ಸಂಗಡಿಗರು ಟರ್ಬೈನು ಕೂರಿಸಿದ ಮಾದರಿ ವಿಮಾನವನ್ನು ಹಾರಿಸಿದರು. ದ್ರವ ಇಂಧನವನ್ನು ಆವಿ ಮಾಡುವ ತಲೆನೋವು ತಪ್ಪಿಸಲು ಅವರು ಹಿಡಿದದ್ದು ಪ್ರೊಪೇನ್ ಅನಿಲದ ದಾರಿ. ಮುಂದೆ ಫ್ರಾನ್ಸಿನ ಜೆಪಿಎಕ್ಸ್ ಕಂಪನಿ ಮಾರುಕಟ್ಟೆಗೆ ತಂದ ಟಿ240 ಕೂಡ ಪ್ರೊಪೇನಿನದೇ.

ನಿಜವಾದ ತಿರುವು ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಅವರದು. 1980ರ ದಶಕದ ಕೊನೆಯಲ್ಲಿ ರೂಪುಗೊಂಡ ಅವರ ಎಫ್‌ಡಿ 3/64 ಎಂಜಿನ್ನಿನಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಚಕ್ರ ಪ್ಲೈವುಡ್ಡಿನದು, ಸಿಡಿಯದಂತೆ ಕಾರ್ಬನ್ ನಾರಿನ ಬಿಗಿತ. ಬಿಸಿ ಅನಿಲ ತಿರುಗಿಸುವ ಟರ್ಬೈನು ಚಕ್ರಕ್ಕೆ ಎರಕವೂ ಇಲ್ಲ, ವಿಶೇಷ ಯಂತ್ರವೂ ಇಲ್ಲ: ಉಕ್ಕಿನ ತಗಡಿನಿಂದ ಬಿಲ್ಲೆ ಕತ್ತರಿಸಿ, ಅಂಚಿನಲ್ಲಿ ಸೀಳು ಕೊಯ್ದು, ಒಂದೊಂದೇ ಅಲಗನ್ನು ತಿರುಚಿ ಅರದಿಂದ ಉಜ್ಜುವುದು. ಜೆಟ್ ಎಂಜಿನ್ನಿನಲ್ಲಿ ಮರವೇ ಎಂದು ಹುಬ್ಬೇರಿಸುವವರಿಗೆ ಉತ್ತರ ಸರಳ: ಕಂಪ್ರೆಸರ್ ಇರುವುದು ಬೆಂಕಿಯ ಮುಂದುಗಡೆ, ತಣ್ಣನೆಯ ಭಾಗದಲ್ಲಿ. ನೂಕುಬಲ 30 ನ್ಯೂಟನ್ ಆಸುಪಾಸಿನದು, ಹೆಚ್ಚೇನಲ್ಲ. ವಿಮಾನ ಕಾರ್ಖಾನೆಯ ನಾಜೂಕನ್ನು ಬೆನ್ನಟ್ಟದೆ ತಮ್ಮ ಕೈಲಾದುದಕ್ಕೆ ತಕ್ಕಂತೆ ಎಂಜಿನ್ನನ್ನೇ ಯೋಚಿಸಿದ್ದು ಶ್ರೆಕ್ಲಿಂಗ್ ಅವರ ಹೆಚ್ಚುಗಾರಿಕೆ. 1990ರ ದಶಕದಲ್ಲಿ ಅವರ ಪುಸ್ತಕ ಇಂಗ್ಲಿಷಿಗೂ ಬಂದು ಹವ್ಯಾಸ ಹಲವು ದೇಶಗಳಿಗೆ ಹರಡಿತು.

ಅದೇ ದಶಕದಲ್ಲಿ ಥಾಮಸ್ ಕಾಂಪ್ಸ್ ಇನ್ನೊಂದು ಪುಸ್ತಕ ಬರೆದರು. ಅದರ ವಿನ್ಯಾಸದಲ್ಲಿ ಮರದ ಚಕ್ರದ ಜಾಗಕ್ಕೆ ವಾಹನಗಳ ಟರ್ಬೋಚಾರ್ಜರಿನ ಅಲ್ಯೂಮಿನಿಯಂ ಚಕ್ರ ಬಂತು; ಅತಿ ಕಷ್ಟದ ಭಾಗ ಬಿಡಿಭಾಗಗಳ ಅಂಗಡಿಯಲ್ಲೇ ಸಿಗತೊಡಗಿತು. ಶ್ರೆಕ್ಲಿಂಗ್ ಮತ್ತು ಹೆಸುಸ್ ಆರ್ಟೆಸ್ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಕೆಜೆ-66 ವಿನ್ಯಾಸ ಸುಮಾರು 75 ನ್ಯೂಟನ್ ಕೊಡುತ್ತಿತ್ತು. ಅದರ ಹೊರಕವಚಕ್ಕೆ ಶಿಬಿರದ ಒಲೆಗೆ ಹಾಕುವ ಗ್ಯಾಸ್ ಡಬ್ಬಿಯೇ ಆಗುತ್ತಿತ್ತು. ದಹನಕೋಶದೊಳಗಿನ ಸಣ್ಣ ಕೊಳವೆಗಳು ಕಾದು, ಅವುಗಳಲ್ಲಿ ಹರಿಯುವ ಸೀಮೆಎಣ್ಣೆಯನ್ನು ಆವಿ ಮಾಡುತ್ತವೆ. ಇಂಧನಕ್ಕೆ ಬೆರೆಸಿದ ಎಣ್ಣೆಯೇ ಬೇರಿಂಗಿಗೂ ಒದಗುತ್ತದೆ.

ಚಾಲೂ ಮಾಡುವಾಗ ಮೈಯೆಲ್ಲ ಕಣ್ಣಾಗಿರಬೇಕು. ಬ್ಲೋವರಿನಿಂದಲೋ ಮೋಟಾರಿನಿಂದಲೋ ಚಕ್ರ ತಿರುಗಿಸಿ, ಮೊದಲು ಗ್ಯಾಸ್ ಹೊತ್ತಿಸಿ, ಕಾದ ಮೇಲೆ ಸೀಮೆಎಣ್ಣೆ ಬಿಡುತ್ತಾರೆ. ಆತುರಪಟ್ಟರೆ ಉರಿಯದ ಇಂಧನ ಹಿಂದೆ ಜ್ವಾಲೆಯಾಗಿ ಚಿಮ್ಮುತ್ತದೆ, ಅಲಗು ಸುಟ್ಟುಹೋಗುತ್ತದೆ. ಚಕ್ರ ಒಡೆದರೆ ಚೂರು ಪಕ್ಕಕ್ಕೇ ಸಿಡಿಯುವುದರಿಂದ ಚಕ್ರದ ನೇರಕ್ಕೆ ಯಾರೂ ನಿಲ್ಲುವುದಿಲ್ಲ.

ಜರ್ಮನಿಯ ಜೆಟ್‌ಕ್ಯಾಟ್, ನೆದರ್ಲೆಂಡ್ಸಿನ ಎಎಂಟಿ ಮುಂತಾದ ಕಂಪನಿಗಳು ಬಂದ ಮೇಲೆ ತಾನೇ ಚಾಲೂ ಆಗುವ, ಎಲೆಕ್ಟ್ರಾನಿಕ್ ಹತೋಟಿಯ ಎಂಜಿನ್ನುಗಳು ಸಿದ್ಧವಾಗಿ ಸಿಗುತ್ತವೆ. 2008ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಈವ್ ರೋಸಿ ಇಂಥ ನಾಲ್ಕು ಎಂಜಿನ್ ಹೊತ್ತ ರೆಕ್ಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. ಮನೆಯಲ್ಲೇ ಮಾಡುವ ಹಟದವರು ಇಂದಿಗೂ ಇದ್ದಾರೆ. ಅವರಲ್ಲಿ ಅನೇಕರು ಟರ್ಬೈನು ಚಕ್ರವನ್ನು ಮಾತ್ರ ಶಾಖ ತಡೆಯುವ ನಿಕಲ್ ಮಿಶ್ರಲೋಹದ ಎರಕದಲ್ಲಿ ಕೊಂಡು, ಮಿಕ್ಕುದನ್ನು ಲೇತ್‌ನಲ್ಲಿ ಕಡೆದುಕೊಳ್ಳುತ್ತಾರೆ.