‘ಅಪ್‌ಡೇಟ್ ಬರ್ತೈತೆ, ತಡಿಯಣ್ಣ’: ಫೋನ್ ನಮ್ಮದು, ಬೀಗದ ಕೈ ಯಾರದ್ದು?

ಈ ಸಲ ರಾಜರ ಕಥೆಯೂ ಇದೆ, ಯುದ್ಧ ಮಾತ್ರ ಇಲ್ಲ. ಇವತ್ತು ನಾವು ನೋಡ್ತಿರೋದು ಒಂದು ವಾಕ್ಯದ ಇತಿಹಾಸ. ಚಳ್ಳಕೆರೆಯ ಯಾವ ಮೊಬೈಲ್ ಅಂಗಡಿಗೆ ಹೋದ್ರೂ ಆ ವಾಕ್ಯ ಕಿವಿಗೆ ಬೀಳುತ್ತೆ: “ಅಪ್‌ಡೇಟ್ ಬರ್ತೈತೆ, ತಡಿಯಣ್ಣ.”

ಕಳೆದ ವರ್ಷ ನಂಗೂ ಅದನ್ನೇ ಹೇಳಿದ್ರು. ರಾತ್ರಿ ಫೋನ್ ತಾನಾಗೇ ಅಪ್‌ಡೇಟ್ ಆಗಿತ್ತು. ಬೆಳಿಗ್ಗೆಯಿಂದ ಕಾಲ್ ಮಾಡಿದ್ರೆ ಆ ಕಡೆಯವರ ಮಾತು ನಂಗೆ ಕೇಳ್ತಿತ್ತು, ನನ್ನ ಮಾತು ಅವರಿಗೆ ಕೇಳ್ತಿರ್ಲಿಲ್ಲ. ಸಿಮ್ ಕಂಪನಿಯವರು ಇದು ಸೆಟ್ ತೊಂದರೆ ಅಂದ್ರು. ಫೋನ್ ಕಂಪನಿಯ ಸರ್ವಿಸ್ ಸೆಂಟರ್‌ನವರು ನೆಟ್‌ವರ್ಕ್ ತೊಂದರೆ ಅಂದ್ರು. ಇಬ್ಬರೂ ಒಪ್ಪಿದ್ದು ಒಂದೇ ವಿಷಯ, ಮುಂದಿನ ಅಪ್‌ಡೇಟ್‌ಗೆ ಕಾಯಿರಿ ಅನ್ನೋದು. ಎಷ್ಟು ದಿನ ಅಂತ ಕೇಳಿದ್ರೆ ಇಬ್ಬರ ಹತ್ರಾನೂ ಉತ್ತರ ಇಲ್ಲ. ಅಪ್‌ಡೇಟ್ ಬರೋಕೆ ಏಳು ವಾರ ಹಿಡೀತು. ಅಷ್ಟೂ ದಿನ ಮನೆಯವರ ಜೊತೆ ಮಾತಾಡಿದ್ದು ಸ್ಪೀಕರ್ ಆನ್ ಮಾಡ್ಕೊಂಡೇ, ಬಸ್ಸಲ್ಲಿದ್ದವರಿಗೆಲ್ಲ ನಮ್ಮ ಮನೆ ಸಮಾಚಾರ ಗೊತ್ತಾಯ್ತು.

ಆ ಏಳು ವಾರದಲ್ಲಿ ನಂಗೆ ಹತ್ತಿದ ಪ್ರಶ್ನೆ ಇದು: ದುಡ್ಡು ಕೊಟ್ಟು ತಗೊಂಡ ವಸ್ತು ನಂದು. ಅದರೊಳಗಿನ ತೊಂದರೆ ಸರಿ ಮಾಡೋ ಅಧಿಕಾರ ಯಾರ ಕೈಯಲ್ಲಿದೆ? ಯಾವಾಗಿಂದ ಹೀಗಿದೆ?

ಮೊದಲು ಅಪ್‌ಡೇಟ್ ಬರೋ ದಾರಿ ನೋಡೋಣ. ಆಂಡ್ರಾಯ್ಡ್ ಫೋನ್ ಆದ್ರೆ ಹೊಸ ಆವೃತ್ತಿ ಗೂಗಲ್‌ನಿಂದ ಹೊರಡುತ್ತೆ. ಕ್ವಾಲ್ಕಾಮ್, ಮೀಡಿಯಾಟೆಕ್ ಥರದ ಚಿಪ್ ಕಂಪನಿಗಳು ಅದನ್ನ ತಮ್ಮ ಚಿಪ್‌ಗೆ ಹೊಂದಿಸ್ತಾರೆ. ಫೋನ್ ಕಂಪನಿ ಅದರ ಮೇಲೆ ತನ್ನ ಬಣ್ಣ, ತನ್ನ ಆ್ಯಪ್ ಹಾಕುತ್ತೆ. ಅಮೆರಿಕದಂಥ ಕಡೆ ಆಮೇಲೆ ಸಿಮ್ ಕಂಪನಿ ತನ್ನ ನೆಟ್‌ವರ್ಕ್‌ನಲ್ಲಿ ಪರೀಕ್ಷೆ ಮಾಡಿ ಸರಿ ಅನ್ನಬೇಕು. ಅಲ್ಲಿ ಬಹಳ ಜನ ಫೋನ್ ತಗೊಳ್ತಿದ್ದದ್ದೇ ವೆರೈಝನ್, ಎಟಿ ಅಂಡ್ ಟಿ ಥರದ ಕಂಪನಿಗಳಿಂದ, ಕಂತಿನ ಮೇಲೆ. ಹಾಗಾಗಿ ಒಂದೇ ಮಾಡೆಲ್ ಫೋನ್‌ಗೆ ಒಂದು ಸಿಮ್‌ನವರಿಗೆ ಅಪ್‌ಡೇಟ್ ಬಂದು, ಇನ್ನೊಂದು ಸಿಮ್‌ನವರು ತಿಂಗಳುಗಟ್ಟಲೆ ಕಾಯೋದು ಅಲ್ಲಿ ಮಾಮೂಲಿ. ನಮ್ಮಲ್ಲಿ ಸಿಮ್ ಬೇರೆ, ಸೆಟ್ ಬೇರೆ. ಆ ಒಂದು ಬಾಗಿಲು ನಮಗೆ ಕಮ್ಮಿ. ಕಾಯೋದು ಮಾತ್ರ ಕಮ್ಮಿ ಆಗ್ಲಿಲ್ಲ.

ಮೇಲಿಂದ ಹೊರಟ ಮಾತು ಕೈಯಿಂದ ಕೈಗೆ ದಾಟಿ ಕೆಳಗೆ ಬರೋ ಈ ಪದ್ಧತಿ ನಮ್ಮ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮುರು ತಾಲ್ಲೂಕಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಹತ್ತಿರ ಹತ್ತಿರದ ಮೂರು ಜಾಗ ಇವೆ. ಮೂರರಲ್ಲೂ ಅಶೋಕನ ಶಾಸನ ಇದೆ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಬಿ.ಎಲ್. ರೈಸ್ ಇವನ್ನ 1892ರಲ್ಲಿ ಬೆಳಕಿಗೆ ತಂದ್ರು. ಸ್ಕೂಲ್ ಪಾಠದಲ್ಲಿ ಓದಿ ಮರ್ತಿರ್ತೀವಿ, ಆದ್ರೆ ಅದರ ಮೊದಲ ಸಾಲುಗಳು ಮಜಾ ಇವೆ. ಶುರುವಾಗೋದು ಅಶೋಕನ ಮಾತಿಂದ ಅಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸ್ತಾರೆ, ಆಮೇಲೆ ದೇವಾನಾಂಪ್ರಿಯ ಹೀಗೆ ಹೇಳ್ತಾನೆ ಅಂತ ವಿಷಯಕ್ಕೆ ಬರ್ತಾರೆ. ಅಂದ್ರೆ ರಾಜನ ಮಾತು ಸುವರ್ಣಗಿರಿಗೆ ಬಂದು, ಅಲ್ಲಿಂದ ಇಸಿಲಕ್ಕೆ ದಾಟಿದೆ. ಈ ಇಸಿಲ ಬ್ರಹ್ಮಗಿರಿ ಆಸುಪಾಸಿನ ಊರೇ ಅನ್ನೋದು ವಿದ್ವಾಂಸರ ಅಭಿಪ್ರಾಯ. ಬರೆಯೋನು ಚಪಡ. ಅವನು ಕೊನೆಗೆ ತನ್ನ ಹೆಸರು ಹಾಕಿ, ಲಿಪಿಕಾರ ಅನ್ನೋ ಅರ್ಥದ ಪದವನ್ನ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ದೂರದ ಊರಿನ ಟೆಕ್ನೀಷಿಯನ್ ಇದ್ದ ಹಾಗೆ.

ಹೋಲಿಕೆ ಎಳೀತಿದ್ದೀನಿ ಅನ್ನಿಸಬಹುದು. ಆದ್ರೆ ಒಂದು ವ್ಯತ್ಯಾಸ ನೋಡಿ. ಆ ಬಂಡೆ ಮೇಲೆ ಮಾತು ಯಾರದ್ದು, ಯಾರ ಮೂಲಕ ಬಂತು, ಬರೆದೋನು ಯಾರು, ಮೂರೂ ಗೊತ್ತಾಗುತ್ತೆ. ನನ್ನ ಫೋನ್‌ನಲ್ಲಿ ‘ನಿಮ್ಮ ಸಾಫ್ಟ್‌ವೇರ್ ಅಪ್ ಟು ಡೇಟ್ ಆಗಿದೆ’ ಅನ್ನೋ ಒಂದೇ ಸಾಲು. ಎಲ್ಲಿ ಸಿಕ್ಕಿಕೊಂಡಿದೆ, ಯಾರ ಟೇಬಲ್ ಮೇಲಿದೆ, ಏನೂ ತಿಳಿಯಲ್ಲ.

ಈಗ 2011ಕ್ಕೆ ಬರೋಣ. ಆ ಮೇ ತಿಂಗಳಲ್ಲಿ ಗೂಗಲ್, ಫೋನ್ ಕಂಪನಿಗಳು, ವೆರೈಝನ್, ವೊಡಾಫೋನ್ ಥರದ ಸಿಮ್ ಕಂಪನಿಗಳು ಒಟ್ಟಾಗಿ ಒಂದು ಕೂಟ ಘೋಷಿಸಿದ್ವು. ಹೊಸ ಫೋನ್‌ಗೆ 18 ತಿಂಗಳ ಕಾಲ ಅಪ್‌ಡೇಟ್ ಕೊಡ್ತೀವಿ ಅನ್ನೋದು ಮಾತು. ಕೂಟ ಸದ್ದಿಲ್ಲದೆ ಕರಗಿಹೋಯ್ತು. ಯಾಕೆ ಅಂದ್ರೆ, ಬಿ.ಕಾಂ. ಓದಿದ ನನ್ನ ಲೆಕ್ಕ ಇಷ್ಟು: ಫೋನ್ ಮಾರಿದ ದಿನ ಆದಾಯ ಬಂತು. ಅದೇ ಫೋನ್‌ಗೆ ಎರಡು ವರ್ಷದ ನಂತರ ಕೊಡೋ ಅಪ್‌ಡೇಟ್ ಬರೀ ಖರ್ಚು. ಹಳೇ ಫೋನ್ ಚೆನ್ನಾಗಿ ನಡೆದ್ರೆ ಹೊಸದನ್ನ ತಗೊಳ್ಳೋರು ಯಾರು? ಆ್ಯಪಲ್ ಪ್ರತಿ ಐಫೋನ್ ಬೆಲೆಯ ಒಂದು ಪಾಲನ್ನ ಮುಂದಿನ ಅಪ್‌ಡೇಟ್‌ಗಳ ಬಾಬ್ತು ಅಂತ ಎತ್ತಿಟ್ಟು, ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಆದಾಯಕ್ಕೆ ಸೇರಿಸುತ್ತೆ. ಅಂದ್ರೆ ಅಪ್‌ಡೇಟ್ ಪುಕ್ಕಟೆ ಅಲ್ಲ, ನಾವು ಮುಂಚೆನೇ ದುಡ್ಡು ಕಟ್ಟಿರೋ ಸರಕು ಅಂತ ಆ ಕಂಪನಿಯ ಲೆಕ್ಕದ ಪುಸ್ತಕವೇ ಒಪ್ಪಿಕೊಳ್ಳುತ್ತೆ.

ಅಮೆರಿಕದವರು ಕಾದಿದ್ದು ಹೊಸ ಫೀಚರ್‌ಗೆ. ಅದೇ ಕಾಲದಲ್ಲಿ ನಾವು ಕಾದಿದ್ದು ಅಕ್ಷರಕ್ಕೆ.

2010-11ರ ಆಂಡ್ರಾಯ್ಡ್ ಫೋನ್‌ನಲ್ಲಿ ಕನ್ನಡ ಪೇಪರ್‌ನ ವೆಬ್‌ಸೈಟ್ ತೆಗೆದ್ರೆ ಸಾಲು ಸಾಲು ಡಬ್ಬಿಗಳು ಕಾಣ್ತಿದ್ವು. ಕನ್ನಡ ಯುನಿಕೋಡ್‌ಗೆ ಸೇರಿ ಆಗಲೇ ಹತ್ತಿಪ್ಪತ್ತು ವರ್ಷ ಆಗಿತ್ತು, ಆದ್ರೆ ಫೋನ್‌ನೊಳಗೆ ಅಕ್ಷರ ಇರ್ಲಿಲ್ಲ. ಫಾಂಟ್ ಇದ್ದ ಕೆಲವು ಸೆಟ್‌ಗಳಲ್ಲಿ ಇನ್ನೊಂದು ಅವತಾರ, ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿ ನಿಲ್ತಿತ್ತು. ನಮ್ಮ ಎರಡೂ ಊರಿನ ಹೆಸರಲ್ಲಿ ಒತ್ತಕ್ಷರ ಇದೆ ನೋಡಿ. ಚಳ್ಳಕೆರೆ ಹೋಗಿ ‘ಚಳ್‌ಳಕೆರೆ’ ಆಗ್ತಿತ್ತು, ಮೊಳಕಾಲ್ಮುರು ಹೋಗಿ ‘ಮೊಳಕಾಲ್‌ಮುರು’. ತನ್ನ ಊರಿನ ಹೆಸರನ್ನ ಸರಿಯಾಗಿ ಬರೆಯೋಕೆ ಬಾರದ ಫೋನನ್ನ ಸ್ಮಾರ್ಟ್ ಅಂತ ಕರೆದ್ವಿ.

ಆಗ ಜನ ಕಂಡುಕೊಂಡ ಉಪಾಯ ಒಪೆರಾ ಮಿನಿ. ಅದರ ಅಡ್ರೆಸ್ ಬಾರ್‌ನಲ್ಲಿ ಒಂದು ಗುಪ್ತ ಸೆಟ್ಟಿಂಗ್ಸ್ ಪುಟದ ಹೆಸರು ಟೈಪ್ ಮಾಡಿ, ಕ್ಲಿಷ್ಟ ಲಿಪಿಗಳನ್ನ ಚಿತ್ರವಾಗಿ ತೋರಿಸು ಅನ್ನೋ ಆಯ್ಕೆಗೆ ‘ಯೆಸ್’ ಹಾಕಿದ್ರೆ, ಅವರ ಸರ್ವರ್ ಕನ್ನಡದ ಅಕ್ಷರಗಳನ್ನ ಫೋಟೋ ಥರ ಮಾಡಿ ಕಳಿಸ್ತಿತ್ತು. ಗೊತ್ತಿದ್ದೋರು ಗೊತ್ತಿಲ್ದೋರಿಗೆ ಹೇಳಿಕೊಟ್ಟು ಹಬ್ಬಿದ ವಿದ್ಯೆ ಅದು. ಕಂಪನಿಗಳ ದಾರಿ ಕಾಯದೆ ಕನ್ನಡದವರು ಕನ್ನಡ ಓದಿದ್ದು ಹಾಗೆ.

2012ರಲ್ಲಿ ಬಂದ ಆಂಡ್ರಾಯ್ಡ್ 4.1, ಜೆಲ್ಲಿ ಬೀನ್, ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಬೆಂಬಲ ತಂತು. ಸರಿ, ಸಮಸ್ಯೆ ಮುಗೀತಾ? ಇಲ್ಲ. ಆಗ ಕಾಲೇಜು ಹುಡುಗರ ಕೈಯಲ್ಲಿದ್ದದ್ದು ಗ್ಯಾಲಕ್ಸಿ ವೈ ಥರದ ಸಣ್ಣ ಫೋನ್. ಅದು ಬಂದಿದ್ದು ಆಂಡ್ರಾಯ್ಡ್ 2.3ರ ಜೊತೆ. ಕಂಪನಿ ಕಡೆಯಿಂದ 4.1 ಅದಕ್ಕೆ ಕೊನೆಗೂ ಬರಲೇ ಇಲ್ಲ. ಕನ್ನಡ ಅಪ್‌ಡೇಟ್ ಆಗಿ ಬರ್ಲಿಲ್ಲ, ಇನ್ನೊಂದು ಫೋನ್ ಆಗಿ ಬಂತು. ದುಡ್ಡು ಕೊಟ್ಟವರಿಗೆ ಅಕ್ಷರ. ಐಫೋನ್‌ನವರು ನಗೋ ಹಾಗಿಲ್ಲ, ಅವರಿಗೆ ಕಂಪನಿಯದೇ ಕನ್ನಡ ಕೀಬೋರ್ಡ್ ಸಿಕ್ಕಿದ್ದು 2017ರ ಐಒಎಸ್ 11ರಲ್ಲಿ. ‘ಊಟ ಆಯ್ತಾ’ ಅನ್ನೋದನ್ನ ನಾವು ಇವತ್ತಿಗೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತೀವಲ್ಲ, ಅದು ಬರೀ ಸೋಮಾರಿತನ ಅಲ್ಲ ಅಂತ ನಂಗನ್ನಿಸುತ್ತೆ. ಕಾದ ಆ ವರ್ಷಗಳಲ್ಲಿ ಬೆರಳಿಗೆ ಬಿದ್ದ ಅಭ್ಯಾಸ ಅದು.

2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಒನ್ ಅನ್ನೋ ಪ್ರಯೋಗವನ್ನ ಭಾರತದಲ್ಲೇ ಶುರು ಮಾಡ್ತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಫೋನ್, ಬೆಲೆ ₹6,399ರಿಂದ, ಅಪ್‌ಡೇಟ್ ನೇರ ಗೂಗಲ್‌ನಿಂದ. ಆಗ 1 ಜಿಬಿ ಡೇಟಾಗೆ ಸುಮಾರು ₹250 ಇತ್ತು, ಅಪ್‌ಡೇಟ್ ಬಂದ್ರೂ ಇಳಿಸಿಕೊಳ್ಳೋಕೆ ಕೈ ನಡುಗ್ತಿತ್ತು. ಅದಕ್ಕೇ ಏರ್‌ಟೆಲ್ ಸಿಮ್ ಇದ್ದವರಿಗೆ ಆರು ತಿಂಗಳು ಅಪ್‌ಡೇಟ್ ಡೇಟಾ ಫ್ರೀ ಅಂದ್ರು. ಒಳ್ಳೇ ಯೋಚನೆ. ಫೋನ್‌ಗಳು ಮಾತ್ರ ಹೆಚ್ಚು ಓಡಲಿಲ್ಲ.

ಸಿಮ್ ಬೇರೆ, ಸೆಟ್ ಬೇರೆ ಅಂದ್ನಲ್ಲ, ಆ ನಿಯಮ ಮುರಿದಿದ್ದು ಜಿಯೋಫೋನ್. 2017ರ ಜುಲೈ 21ಕ್ಕೆ ಘೋಷಣೆ ಆಯ್ತು. ₹1,500 ಡೆಪಾಸಿಟ್, ಮೂರು ವರ್ಷದ ಮೇಲೆ ವಾಪಸ್. ಕೀಪ್ಯಾಡ್ ಫೋನ್, ಆದ್ರೆ 4ಜಿ. ಒಳಗಿದ್ದದ್ದು ಕೈಒಎಸ್. ಜಿಯೋ ಸಿಮ್ ಬಿಟ್ಟು ಬೇರೆ ಸಿಮ್ ನಡೆಯಲ್ಲ. ಸಾಫ್ಟ್‌ವೇರ್‌ನಲ್ಲಿ ಏನು ಬರಬೇಕು, ಯಾವಾಗ ಬರಬೇಕು ಅನ್ನೋದೂ ಸಿಮ್ ಕಂಪನಿಯ ಕೈಯಲ್ಲೇ. ಅಮೆರಿಕದವರ ಕಷ್ಟ ನಮ್ಮ ಹಳ್ಳಿಗೆ ಬಂದಿದ್ದು ಈ ರೂಪದಲ್ಲಿ.

ಮತ್ತೆ ಅದರಲ್ಲಿ ವಾಟ್ಸ್‌ಆ್ಯಪ್ ಇರ್ಲಿಲ್ಲ. ಇದು ಸಣ್ಣ ಕೊರತೆ ಅಲ್ಲ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಮೊಮ್ಮಗುವಿನ ಫೋಟೋ, ಶೇಂಗಾ ರೇಟು, ಮೊಳಕಾಲ್ಮುರಿನ ನೇಕಾರರಾದ್ರೆ ಸೀರೆಯ ಸೆರಗಿನ ಫೋಟೋ, ಎಲ್ಲ ಓಡಾಡೋದು ವಾಟ್ಸ್‌ಆ್ಯಪ್‌ನಲ್ಲೇ. 2018ರ ಜುಲೈ 5ರ ಸಭೆಯಲ್ಲಿ ಕಂಪನಿ, ನಮ್ಮ ಜಿಯೋಫೋನ್ 2.5 ಕೋಟಿ ಜನರ ಕೈಯಲ್ಲಿದೆ, ವಾಟ್ಸ್‌ಆ್ಯಪ್ ಆಗಸ್ಟ್ 15ಕ್ಕೆ ಬರುತ್ತೆ ಅಂತ ಹೇಳ್ತು. ಸ್ವಾತಂತ್ರ್ಯ ದಿನ ಬಂತು, ಹೋಯ್ತು. ಕೊನೆಗೆ ವಾಟ್ಸ್‌ಆ್ಯಪ್ ಇಳಿದದ್ದು ಸೆಪ್ಟೆಂಬರ್ 10ರಿಂದ, ಅದೂ ಹಂತ ಹಂತವಾಗಿ. ಫೋನ್ ಘೋಷಣೆ ಆಗಿ ಹದಿಮೂರು ತಿಂಗಳ ಮೇಲೆ. ಆಮೇಲೆ 2024ರ ಜೂನ್‌ನಲ್ಲಿ ಕೈಒಎಸ್ ಸ್ಟೋರ್‌ನಿಂದ ಅದನ್ನ ತೆಗೆದೇ ಬಿಟ್ರು. ಕೊಡೋದು ಯಾರ ಇಷ್ಟವೋ, ಕಿತ್ಕೊಳ್ಳೋದೂ ಅವರ ಇಷ್ಟವೇ. ಫೋನ್ ಹಿಡಿದ ಅಜ್ಜಿಯನ್ನ ಎರಡು ಸಲವೂ ಯಾರೂ ಕೇಳ್ಲಿಲ್ಲ.

ದುಬಾರಿ ಫೋನ್‌ನವರಿಗೆ ಈ ಬಿಸಿ ತಟ್ಟಿದ್ದು 2022ರಲ್ಲಿ. ಅಕ್ಟೋಬರ್ 1ಕ್ಕೆ ದೆಹಲಿಯಲ್ಲಿ 5ಜಿ ಉದ್ಘಾಟನೆ ಆಯ್ತು. ಏರ್‌ಟೆಲ್ ಶುರು ಮಾಡಿದ ಮೊದಲ ಎಂಟು ನಗರದಲ್ಲಿ ಬೆಂಗಳೂರೂ ಇತ್ತು. 5ಜಿ ಅಂತ ಬರೆದ ಡಬ್ಬದಲ್ಲೇ ಎರಡು ವರ್ಷ ಮೊದಲು ಫೋನ್ ತಗೊಂಡವರು ಸೆಟ್ಟಿಂಗ್ಸ್ ಹುಡುಕಿ ಹುಡುಕಿ ಸುಸ್ತಾದ್ರು. ಫೋನ್‌ನೊಳಗೆ ರೇಡಿಯೋ ಇದೆ, ಹೊರಗೆ ಟವರ್ ಇದೆ, ಸಿಮ್ಮೂ ಇದೆ, ಮಧ್ಯೆ ಅನುಮತಿ ಇಲ್ಲ. ಅದು ಬರಬೇಕಾದದ್ದು ಅಪ್‌ಡೇಟ್‌ನಲ್ಲಿ. ಈ ಸಲ ಸರ್ಕಾರವೇ ಫೋನ್ ಕಂಪನಿಗಳನ್ನೂ ಸಿಮ್ ಕಂಪನಿಗಳನ್ನೂ ಸಭೆಗೆ ಕರೀತು. ಐಫೋನ್‌ಗಳಿಗೆ ಡಿಸೆಂಬರ್‌ನ ಐಒಎಸ್ 16.2 ಬಂದಮೇಲೆ 5ಜಿ ತೆರೀತು. ಎರಡೂವರೆ ತಿಂಗಳ ಕಾಯುವಿಕೆಗೆ ಇಲಾಖೆ ಮಟ್ಟದ ಸಭೆ. ಜಿಯೋಫೋನ್‌ನ ಹದಿಮೂರು ತಿಂಗಳಿಗೆ ಅಂಥ ಸಭೆ ನಡೆದದ್ದು ನಾನು ಎಲ್ಲೂ ಓದಿಲ್ಲ.

ಫೋಟೋ, 5ಜಿ ಎಲ್ಲ ಸೌಕರ್ಯದ ಮಾತು ಅನ್ನೋರಿಗೆ ಇದನ್ನ ಹೇಳ್ಬೇಕು. 2015ರ ಜುಲೈನಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ದೋಷ ಹೊರಬಂತು. ಒಂದು ಎಂಎಂಎಸ್ ಕಳಿಸಿ ಆಂಡ್ರಾಯ್ಡ್ ಫೋನ್‌ನೊಳಗೆ ನುಗ್ಗಬಹುದಿತ್ತು. ಕಂಡುಹಿಡಿದವರ ಅಂದಾಜಲ್ಲಿ 95 ಕೋಟಿ ಫೋನ್‌ಗಳಿಗೆ ಅಪಾಯ. ಗೂಗಲ್ ಹತ್ರ ರಿಪೇರಿ ಸಿದ್ಧವಿತ್ತು, ಅದು ಫೋನ್‌ಗಳಿಗೆ ತಲುಪೋ ದಾರಿ ಮಾತ್ರ ಸಿದ್ಧವಿರ್ಲಿಲ್ಲ. ಆ ಗಾಬರಿಯಲ್ಲೇ ಗೂಗಲ್, ಸ್ಯಾಮ್ಸಂಗ್ ಪ್ರತಿ ತಿಂಗಳು ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂದ್ರು. ಆಗ ನಮ್ಮ ಫೋನ್‌ನಲ್ಲಿ ಯುಪಿಐ ಇರ್ಲಿಲ್ಲ. ಇವತ್ತು ಪೆಟ್ಟಿ ಅಂಗಡಿಯ ಗಲ್ಲಾಪೆಟ್ಟಿಗೆಯೇ ಫೋನ್‌ನಲ್ಲಿದೆ.

ನಿಜಕ್ಕೂ ಇದು ಆಗದ ಕೆಲಸವಾ? ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ಮೇಲಿನ ಥರದ ಕುಳಿಗಳನ್ನ ಮಾಡಿ ಚಂದ್ರಯಾನದ ಸೆನ್ಸರ್‌ಗಳನ್ನ ಪರೀಕ್ಷಿಸಿತ್ತು. ಮೇಲೆ ಹೋದಮೇಲೆ ಯಾರೂ ಏಣಿ ಹಾಕಿ ರಿಪೇರಿ ಮಾಡಲ್ಲ, ಏನಿದ್ರೂ ಸಿಗ್ನಲ್‌ನಲ್ಲೇ ಕಳಿಸ್ಬೇಕು. 1977ರಲ್ಲಿ ಹಾರಿದ ವಾಯೇಜರ್ 1 ನೌಕೆಯ ನೆನಪಿನ ಚಿಪ್ ಒಂದು ಕೆಟ್ಟಾಗ, ನಾಸಾದವರು 2024ರ ಏಪ್ರಿಲ್‌ನಲ್ಲಿ ಸುಮಾರು 2,400 ಕೋಟಿ ಕಿಲೋಮೀಟರ್ ದೂರಕ್ಕೆ ರಿಪೇರಿ ಕಳಿಸಿದ್ರು. ಸಿಗ್ನಲ್ ಮುಟ್ಟೋಕೇ ಇಪ್ಪತ್ತೆರಡೂವರೆ ಗಂಟೆ. ಮುಟ್ತು, ನೌಕೆ ಸರಿಯಾಯ್ತು. ನಲವತ್ತಾರು ವರ್ಷದ ಹಳೇ ಕಂಪ್ಯೂಟರ್ ಅದು. ಎರಡು ವರ್ಷದ ಫೋನ್ ಹಳೇದಾಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಗೆ ಇದೇ ನೆನಪಾಗುತ್ತೆ.

ಈಗೀಗ ಗಾಳಿ ಸ್ವಲ್ಪ ತಿರುಗಿದೆ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನ್‌ಗಳಿಗೆ ಏಳು ವರ್ಷದ ಅಪ್‌ಡೇಟ್ ಅಂತ ಮಾತು ಕೊಟ್ಟಿದ್ದಾರೆ. ಯುರೋಪ್ ಒಕ್ಕೂಟ 2025ರ ಜೂನ್ 20ರಿಂದ ಮಾರಾಟ ನಿಂತಮೇಲೂ ಕನಿಷ್ಠ ಐದು ವರ್ಷದ ನಿಯಮ ತಂದಿದೆ. ಆದ್ರೆ ಏಳು ವರ್ಷದ ಮಾತು ಸಿಕ್ಕಿದ್ದು ಮುಕ್ಕಾಲು ಲಕ್ಷದ ಫೋನ್‌ಗೆ. ಹತ್ತು ಸಾವಿರದ ಫೋನ್ ತಗೊಳ್ಳೋರು ಅಂಗಡೀಲಿ ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಅಂತ ಕೇಳ್ತಾರೆ. ಅಪ್‌ಡೇಟ್ ಎಷ್ಟು ವರ್ಷ ಅಂತಲೂ ಕೇಳಿ, ಬಿಲ್ ಮೇಲೆ ಬರೆದುಕೊಡಿ ಅನ್ನಿ. ಅಂಗಡಿಯವರು ನಗ್ತಾರೆ, ನಗ್ಲಿ.

ಕೇಳ್ತಿರೋರಿಗೆ ಒಂದು ಕೆಲಸ. ಸೆಟ್ಟಿಂಗ್ಸ್‌ಗೆ ಹೋಗಿ, ‘ಅಬೌಟ್ ಫೋನ್’ ಒಳಗೆ ‘ಸೆಕ್ಯುರಿಟಿ ಪ್ಯಾಚ್’ ಅಂತ ಹುಡುಕಿ. ಅಲ್ಲೊಂದು ತಿಂಗಳು, ವರ್ಷ ಇರುತ್ತೆ. ನಿಮ್ಮ ಫೋನ್‌ಗೆ ಕೊನೇ ಸಲ ಬೀಗ ರಿಪೇರಿ ಆದ ದಿನ ಅದು. ನಿಮ್ಮದಾದ ಮೇಲೆ ಅಪ್ಪ ಅಮ್ಮನ ಫೋನ್‌ನಲ್ಲೂ ನೋಡಿ. ಎರಡನ್ನೂ ಬರೆದು ಕಳಿಸಿ, ಊರಿನ ಹೆಸರು ಸೇರಿಸಿ. ಮುಂದಿನ ವಾರ ಓದೋಣ.