ಕೊಟ್ಟವರನ್ನು ಕೇಳಿದ ಕಥೆ

ಪರವಾನಗಿ ಎಂಬ ಶಬ್ದ ಕನ್ನಡಕ್ಕೆ ಬಂದದ್ದು ಪಾರ್ಸಿಯಿಂದ. ಹಕ್ಕು, ಕರಾರು ಎಂಬ ಶಬ್ದಗಳೂ ಅರಬಿ-ಪಾರ್ಸಿಯ ದಾರಿ ಹಿಡಿದೇ ನಮ್ಮ ಕಚೇರಿ, ಕೋರ್ಟುಗಳಿಗೆ ಬಂದು ಕೂತವು. ಉರ್ದು, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನಮಗೆ ಇವು ಹಳೆಯ ನೆಂಟರಂತೆ. ಆದರೆ ಬಂದೂಕಿಗೆ ಪರವಾನಗಿ, ಅಂಗಡಿಗೆ ಪರವಾನಗಿ ಎಂಬಷ್ಟೇ ನಮ್ಮ ತಿಳಿವಳಿಕೆಯಾಗಿತ್ತು. ಕಂಪ್ಯೂಟರಿನ ತಂತ್ರಾಂಶಕ್ಕೂ ಒಂದು ಪರವಾನಗಿ ಇರುತ್ತದೆ, ಅದನ್ನು ಆಯ್ದುಕೊಳ್ಳುವ ಬಗ್ಗೆ ಜಗಳಗಳೇ ನಡೆದಿವೆ ಎಂಬುದು ತಿಳಿದದ್ದು ಬಹಳ ತಡವಾಗಿ. ತಂತ್ರಾಂಶ ಹಾಕಿಕೊಳ್ಳುವಾಗ ಪರದೆಯ ಮೇಲೆ ಉದ್ದನೆಯ ಇಂಗ್ಲಿಷ್ ಬರಹವೊಂದು ಕಾಣಿಸಿಕೊಳ್ಳುತ್ತದಲ್ಲ, ಅದನ್ನು ಎಲ್ಲರಂತೆ ನಾವೂ ಓದದೆಯೇ ಒಪ್ಪಿಕೊಂಡವರು.

ಓದುವ ಕುತೂಹಲ ಹುಟ್ಟಿದ್ದು ಒಂದು ಸಿಟ್ಟಿನಿಂದ. ನಮ್ಮದೊಂದು ಕಥೆಯನ್ನು ಯಾರೋ ಒಂದು ಸಂಕಲನಕ್ಕೆ ಸೇರಿಸಿದ್ದರು. ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆವು, ಸಂಭಾವನೆಯನ್ನೂ ಕೇಳುತ್ತಿರಲಿಲ್ಲ. ಅವರು ಕೇಳಲಿಲ್ಲ. 'ನಿಮ್ಮ ಕಥೆ ಹೆಚ್ಚು ಜನರನ್ನು ತಲುಪಿತಲ್ಲ, ಇನ್ನೇನು ಬೇಕು?' ಎಂಬ ಉತ್ತರ ಮಾತ್ರ ಬಂತು. ಇನ್ನೇನು ಬೇಕಿತ್ತು ಎಂದು ನಮಗೂ ಆಗ ಸರಿಯಾಗಿ ಹೇಳಲು ಬರಲಿಲ್ಲ. ಹೇಳಲು ಬಂದದ್ದು ವಿ.ಎಲ್.ಸಿ. ಎಂಬ ತಂತ್ರಾಂಶದ ಕಥೆ ತಿಳಿದ ಮೇಲೆ.

ಕಿತ್ತಳೆ-ಬಿಳಿ ಪಟ್ಟೆಯ, ರಸ್ತೆ ಕೆಲಸದವರು ಇಡುವ ಶಂಕುವಿನ ಚಿತ್ರ ಇರುವ ಆ ತಂತ್ರಾಂಶವನ್ನು ನೋಡದವರು ಕಡಿಮೆ. ಮದುವೆಯ ಸಿ.ಡಿ. ಯಾವುದರಲ್ಲೂ ಓಡದಿದ್ದರೆ ವಿ.ಎಲ್.ಸಿ.ಯಲ್ಲಿ ಓಡುತ್ತಿತ್ತು. ಬಳಸುವವರು ಅದಕ್ಕೆ ಒಂದು ಕಾಸೂ ಕೊಡಬೇಕಾಗಿರಲಿಲ್ಲ.

ಇದು ಹುಟ್ಟಿದ್ದು ಪ್ಯಾರಿಸ್ ಹತ್ತಿರದ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅಲ್ಲಿನ ಹಾಸ್ಟೆಲಿನ ನೆಟ್‌ವರ್ಕನ್ನು ನೋಡಿಕೊಳ್ಳುತ್ತಿದ್ದವರು ವಿದ್ಯಾರ್ಥಿಗಳೇ. ನೆಟ್‌ವರ್ಕ್ ತೀರಾ ನಿಧಾನ. ಹುಡುಗರಿಗೆ ಆಟ ಆಡಲು ವೇಗ ಬೇಕು. ಆಟಕ್ಕೆಂದು ಕೇಳಿದರೆ ಹಣ ಯಾರು ಕೊಡುತ್ತಾರೆ? ಉಪಗ್ರಹ ದೂರದರ್ಶನವನ್ನು ನೆಟ್‌ವರ್ಕಿನ ಮೂಲಕವೇ ಎಲ್ಲ ಕೋಣೆಗಳಿಗೆ ಹಾಯಿಸುವ ಯೋಜನೆಯೊಂದು 1996ರಲ್ಲಿ ಶುರುವಾಯಿತು. ವೇಗದ ನೆಟ್‌ವರ್ಕ್ ಬಂತು, ಆಟವೂ ನಡೆಯಿತು. ಜೊತೆಗೆ ವಿಡಿಯೊ ತೋರಿಸುವ ತಂತ್ರಾಂಶವೊಂದು ಉಳಿದುಕೊಂಡಿತು. 1998ರಲ್ಲಿ ಅದನ್ನು ಮೊದಲಿನಿಂದ ಹೊಸದಾಗಿ ಬರೆದರು.

ಆದರೆ ಹುಡುಗರು ಬರೆದದ್ದನ್ನು ಹೊರಗೆ ಹಂಚಬೇಕಾದರೆ ಕಾಲೇಜು ಒಪ್ಪಬೇಕಿತ್ತು. ಅವರು ಕೇಳಿದ್ದು ಜಿ.ಪಿ.ಎಲ್. ಎಂಬ ಪರವಾನಗಿಯನ್ನು. ಕಾಲೇಜಿನ ನಿರ್ದೇಶಕರು ಒಪ್ಪಿದರು. 2001ರ ಫೆಬ್ರುವರಿ 1ರಂದು ತಂತ್ರಾಂಶ ಜಗತ್ತಿಗೆ ಬಿಡುಗಡೆಯಾಯಿತು.

ಇಲ್ಲಿ ಪರವಾನಗಿಗಳ ಬಗೆಗಳನ್ನು ಸ್ವಲ್ಪ ಹೇಳಬೇಕು. ಕಂಪನಿಗಳು ಮಾರುವ ಹೆಚ್ಚಿನ ತಂತ್ರಾಂಶಗಳಲ್ಲಿ ಬಳಸುವ ಹಕ್ಕು ಮಾತ್ರ ನಮ್ಮದು. ಒಳಗಿನ ಬರಹವನ್ನು ನೋಡುವಂತಿಲ್ಲ, ಪ್ರತಿ ಮಾಡಿ ಹಂಚುವಂತಿಲ್ಲ. ಇದಕ್ಕೆ ತೀರಾ ವಿರುದ್ಧವಾದದ್ದು ಬಿ.ಎಸ್.ಡಿ. ಮಾದರಿಯ ಪರವಾನಗಿ: ಬರೆದವರ ಹೆಸರು ಮತ್ತು ಕರಾರಿನ ಒಕ್ಕಣೆ ಉಳಿಸಿಕೊಂಡು ಏನಾದರೂ ಮಾಡಿಕೊಳ್ಳಿ, ಬೇಕಾದರೆ ನಿಮ್ಮ ಮುಚ್ಚಿದ ಸರಕಿನೊಳಗೆ ಸೇರಿಸಿ ಮಾರಿ ಎನ್ನುವಂಥದ್ದು. ಮೂರನೆಯದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಜಿ.ಪಿ.ಎಲ್. ಪಡೆಯಿರಿ, ತಿದ್ದಿರಿ, ಹಂಚಿರಿ, ಮಾರಿದರೂ ಅಡ್ಡಿಯಿಲ್ಲ; ಆದರೆ ತಿದ್ದಿದ್ದನ್ನು ಹಂಚುವುದಾದರೆ ಒಳಗಿನ ಬರಹದ ಸಮೇತ ಇದೇ ಕರಾರಿನ ಮೇಲೆ ಹಂಚಬೇಕು, ಪಡೆದವರ ಮೇಲೆ ಹೊಸ ನಿರ್ಬಂಧ ಹೇರುವಂತಿಲ್ಲ. ಎಲ್.ಜಿ.ಪಿ.ಎಲ್. ಇದರ ಮೆದುವಾದ ತಮ್ಮ. ಆ ಕರಾರಿನ ಭಾಗವನ್ನು ಮುಚ್ಚಿದ ತಂತ್ರಾಂಶದ ಜೊತೆ ಜೋಡಿಸಬಹುದು, ಆ ಭಾಗಕ್ಕೆ ಮಾಡಿದ ತಿದ್ದುಪಡಿ ಮಾತ್ರ ತೆರೆದಿರಬೇಕು.

ಯಾವುದನ್ನು ಆಯ್ದುಕೊಂಡರೂ ಒಂದು ವಿಷಯ ಬದಲಾಗುವುದಿಲ್ಲ. ಬರೆದವರು ತಮ್ಮ ಸ್ವಾಮ್ಯವನ್ನು ಬೇರೆಯವರಿಗೆ ಬರೆದುಕೊಡದ ತನಕ ಅವರು ಬರೆದ ಭಾಗ ಅವರದೇ. ನೂರು ಜನ ಸೇರಿ ಬರೆದರೆ ನೂರು ಹಕ್ಕುದಾರರು. ತೀರಿಹೋದರೆ ವಾರಸುದಾರರು.

ಲಿನಕ್ಸ್ ಚಿಕ್ಕದಿದ್ದಾಗ ಇದು ತೊಡಕಾಗಲಿಲ್ಲ. 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಅದನ್ನು ಹಂಚಿದಾಗ, ಹಣ ಪಡೆದು ಹಂಚುವಂತಿಲ್ಲ ಎಂದು ಕರಾರು ಬರೆದಿದ್ದರು. 1992ರ ಜನವರಿಯಲ್ಲಿ ಅವರು, ಫೆಬ್ರುವರಿ 1ರಿಂದ ಜಿ.ಪಿ.ಎಲ್.ಗೆ ಬದಲಾಯಿಸುತ್ತೇನೆ, ನೆರವಾದವರಲ್ಲಿ ಯಾರಿಗಾದರೂ ಆಕ್ಷೇಪವಿದ್ದರೆ ಬರೆಯಿರಿ ಎಂದು ತಿಳಿಸಿದರು. ಆಗ ಬರೆದವರು ಬೆರಳೆಣಿಕೆಯ ಜನ, ಕೆಲಸ ಮುಗಿಯಿತು. 2007ರಲ್ಲಿ ಜಿ.ಪಿ.ಎಲ್.ನ ಮೂರನೆಯ ಆವೃತ್ತಿ ಬಂದಾಗ ಲಿನಕ್ಸ್ ಎರಡರಲ್ಲೇ ಉಳಿಯಿತು. ಲಿನಸ್‌ಗೆ ಹೊಸದು ಇಷ್ಟವಿರಲಿಲ್ಲ ನಿಜ. ಇಷ್ಟವಿದ್ದಿದ್ದರೂ ಅಷ್ಟು ಹೊತ್ತಿಗೆ ಸಾವಿರಾರು ಹಕ್ಕುದಾರರನ್ನು ಕೇಳಬೇಕಿತ್ತು.

ವಿ.ಎಲ್.ಸಿ.ಗೆ ಈ ಪ್ರಶ್ನೆ ಎದುರಾದದ್ದು 2010ರಲ್ಲಿ. ಒಂದು ಫ್ರೆಂಚ್ ಕಂಪನಿ ಅದನ್ನು ಐಪ್ಯಾಡ್, ಐಫೋನುಗಳಿಗೆ ಹೊಂದಿಸಿ ಆ್ಯಪಲ್ ಕಂಪನಿಯ ಆ್ಯಪ್ ಅಂಗಡಿಯಲ್ಲಿ ಉಚಿತವಾಗಿ ಇಟ್ಟಿತು. ವಿ.ಎಲ್.ಸಿ.ಯ ಮುಖ್ಯ ಬರಹಗಾರರಲ್ಲಿ ಒಬ್ಬರಾದ ರೆಮಿ ದೆನಿ-ಕೂರ್ಮೋ ಆಕ್ಷೇಪ ಎತ್ತಿದರು. ಆ ಅಂಗಡಿಯ ನಿಯಮಗಳು ಪಡೆದವರ ಮೇಲೆ ನಿರ್ಬಂಧ ಹೇರುತ್ತವೆ, ನಾವು ಬರೆದುಕೊಟ್ಟ ಜಿ.ಪಿ.ಎಲ್. ಅದನ್ನು ಒಪ್ಪುವುದಿಲ್ಲ ಎಂಬುದು ಅವರ ವಾದ. 2011ರ ಜನವರಿಯಲ್ಲಿ ಆ್ಯಪಲ್ ಅದನ್ನು ತೆಗೆದುಹಾಕಿತು. ಬಳಸುತ್ತಿದ್ದವರು ಅವರ ಮೇಲೆ ಮುನಿಸಿಕೊಂಡರು, ಜೊತೆಗಾರರಲ್ಲೂ ಎಲ್ಲರೂ ಅವರ ಕಡೆ ನಿಲ್ಲಲಿಲ್ಲ. ಪುಕ್ಕಟೆ ಸಿಗುತ್ತಿದ್ದ ವಸ್ತುವನ್ನು ಒಬ್ಬ ವ್ಯಕ್ತಿ ಲಕ್ಷಾಂತರ ಜನರ ಕೈಯಿಂದ ಕಿತ್ತುಕೊಂಡ ಹಾಗೆ ಕಾಣಿಸುತ್ತಿತ್ತು. ನಮಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ನಮ್ಮ ಕಥೆಯ ನೆನಪಾಯಿತು. ಪುಕ್ಕಟೆ ಕೊಟ್ಟವನು ಎಂಬ ಕಾರಣಕ್ಕೆ ಕರಾರು ಕೇಳುವ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾನೆಯೇ?

ಅದೇ ವರ್ಷ ವಿ.ಎಲ್.ಸಿ.ಯ ಮುಂದಾಳು ಜಾನ್-ಬ್ಯಾಪ್ಟಿಸ್ಟ್ ಕೆಂಪ್ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ಅವರ ಲೆಕ್ಕಾಚಾರ ಬೇರೆ. ತಂತ್ರಾಂಶದ ಒಳಗಿನ ಯಂತ್ರವನ್ನು ಬೇರೆ ತಂತ್ರಾಂಶಗಳು ಬಳಸುವಂತಾಗಬೇಕಾದರೆ ಅದು ಎಲ್.ಜಿ.ಪಿ.ಎಲ್.ಗೆ ಬರಬೇಕಿತ್ತು; ಇಲ್ಲವಾದರೆ ಎಲ್ಲರೂ ಬೇರೊಂದನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಹತ್ತಾರು ವರ್ಷಗಳಲ್ಲಿ ಬಂದುಹೋದ ಹುಡುಗರು ಅದರಲ್ಲಿ ಒಂದೊಂದು ತುಂಡು ಬರೆದಿಟ್ಟಿದ್ದರು. ಕಾಲೇಜು ಬಿಟ್ಟವರು, ಊರು ಬಿಟ್ಟವರು, ಇ-ಮೇಲ್ ವಿಳಾಸ ಬದಲಾದವರು. ಹಳೆಯ ದಾಖಲೆ ತೆಗೆದು ಯಾವ ಸಾಲನ್ನು ಯಾರು ಬರೆದರೆಂದು ಪಟ್ಟಿ ಮಾಡಬೇಕು, ಒಬ್ಬೊಬ್ಬರನ್ನೂ ಹುಡುಕಬೇಕು, ಒಪ್ಪಿಗೆ ಪಡೆಯಬೇಕು. ಒಪ್ಪದವರ ಭಾಗವನ್ನು ತೆಗೆದು ಹೊಸದಾಗಿ ಬರೆಯಬೇಕು, ಅಥವಾ ಹಳೆಯ ಕರಾರಿನಲ್ಲೇ ಬಿಡಬೇಕು. ಕಳೆದುಹೋದ ನೆಂಟರನ್ನು ಮದುವೆಗೆ ಕರೆಯಲು ಹೊರಟ ಯಜಮಾನನ ಪಾಡು ಅದು. ಒಂದು ಮನೆ ಬಿಟ್ಟರೂ ಮಾತು ಬರುತ್ತದೆ.

ಒಟ್ಟು 200ಕ್ಕೂ ಹೆಚ್ಚು ಜನರನ್ನು ಕೇಳಬೇಕಾಯಿತು. 2011ರ ಡಿಸೆಂಬರಿನಲ್ಲಿ ತಿರುಳಿನ ಭಾಗ ಎಲ್.ಜಿ.ಪಿ.ಎಲ್.ಗೆ ಬಂತು. ಚಿತ್ರ, ಧ್ವನಿ ಬಿಡಿಸುವ ಉಪಭಾಗಗಳಲ್ಲಿ ಹೆಚ್ಚಿನವು ಬರಲು 2012ರ ನವೆಂಬರ್ ಆಯಿತು. ಕೆಲವು ಬರಲೇ ಇಲ್ಲ, ಹಳೆಯ ಕರಾರಿನಲ್ಲೇ ಉಳಿದವು. ಕಂಪ್ಯೂಟರಿನಲ್ಲಿ ನಾವು ತೆರೆಯುವ ಇಡೀ ವಿ.ಎಲ್.ಸಿ. ಇಂದಿಗೂ ಜಿ.ಪಿ.ಎಲ್. ಅಡಿಯಲ್ಲೇ ಇದೆ. 2013ರ ಜುಲೈಯಲ್ಲಿ ವಿ.ಎಲ್.ಸಿ. ಐಫೋನಿಗೆ ಮರಳಿ ಬಂತು, ಈ ಬಾರಿ ಎಂ.ಪಿ.ಎಲ್. ಮತ್ತು ಜಿ.ಪಿ.ಎಲ್. ಎಂಬ ಎರಡು ಪರವಾನಗಿಗಳ ಮೇಲೆ.

ಕೇಳದೆ ಬದಲಾಯಿಸಿದವರೂ ಇದ್ದಾರೆ, ಕಾನೂನು ಮುರಿಯದೆಯೇ. ರೆಡಿಸ್ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶ 2009ರಿಂದ ಬಿ.ಎಸ್.ಡಿ. ಪರವಾನಗಿಯಲ್ಲಿತ್ತು. ಆ ಪರವಾನಗಿಯ ಉದಾರತೆಯೇ ದಾರಿ ಮಾಡಿಕೊಟ್ಟಿತು. 2024ರ ಮಾರ್ಚಿನಲ್ಲಿ ಅದರ ಒಡೆತನದ ಕಂಪನಿ, ಮುಂದಿನ ಆವೃತ್ತಿಗಳಿಗೆ ಬಿಗಿ ಕರಾರು ಎಂದು ಘೋಷಿಸಿತು. ಹೊರಗಿನಿಂದ ಬರೆದುಕೊಟ್ಟವರನ್ನು ಕೇಳುವ ಅಗತ್ಯ ಬೀಳಲಿಲ್ಲ. ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ದುಡಿಮೆಯಿಂದ ಹಣ ಮಾಡಿಕೊಳ್ಳುತ್ತಿವೆ ಎಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒಮ್ಮೆ ಕೊಟ್ಟ ಹಳೆಯ ಆವೃತ್ತಿಯನ್ನು ಹಿಂದಕ್ಕೆ ಪಡೆಯಲಾಗದು. ಬರೆದವರಲ್ಲಿ ಹಲವರು ಅದನ್ನೇ ಹಿಡಿದುಕೊಂಡು ಅದೇ ತಿಂಗಳು ವಾಲ್ಕಿ ಎಂಬ ಬೇರೆ ಮನೆ ಹೂಡಿದರು. ಒಂದು ವರ್ಷ ಕಳೆದ ಮೇಲೆ, 2025ರ ಮೇ ತಿಂಗಳಲ್ಲಿ, ರೆಡಿಸ್ ಮತ್ತೆ ಎ.ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿಯನ್ನೂ ಸೇರಿಸಿಕೊಂಡಿತು. ವಾಲ್ಕಿ ಮಾತ್ರ ಬೇರೆಯಾಗಿಯೇ ಉಳಿಯಿತು.

ವಿ.ಎಲ್.ಸಿ. ತೆರೆದು ಮೇಲಿನ ಪಟ್ಟಿಯಲ್ಲಿ ಅದರ ಕುರಿತ ಮಾಹಿತಿಯನ್ನು ಒತ್ತಿದರೆ ಸಣ್ಣ ಕಿಟಕಿಯೊಂದು ಬರುತ್ತದೆ. ಪರವಾನಗಿಯ ಪೂರ್ಣ ಪಠ್ಯ ಒಂದು ಹಾಳೆಯಲ್ಲಿ, ಬರೆದವರ ಹೆಸರುಗಳು ಇನ್ನೊಂದರಲ್ಲಿ. ಮೊನ್ನೆ ಒಂದು ಹಳೆಯ ಕವ್ವಾಲಿ ಕೇಳುತ್ತ ಆ ಪಟ್ಟಿಯನ್ನು ಕೆಳಗಿನ ತನಕ ಓದಿದೆವು. ನಮಗೆ ಉಚ್ಚರಿಸಲೂ ಬಾರದ ಫ್ರೆಂಚ್ ಹೆಸರುಗಳೇ ಹೆಚ್ಚು. ಮನೆ ಮನೆ ತಿರುಗಿ ಒಪ್ಪಿಗೆ ಕೇಳಿದ ಕೆಂಪ್ ಅಲ್ಲಿದ್ದಾರೆ, ಆಕ್ಷೇಪ ಎತ್ತಿದ ರೆಮಿಯೂ ಅಲ್ಲೇ ಇದ್ದಾರೆ.